ಹಾಸನದಲ್ಲಿ ರೆಕಾರ್ಡ್ ಪ್ಲೇಯರ್ ರಿಪೇರಿ: ಜಗಳ ತೆಗೆದವನ ತಪ್ಪೊಪ್ಪಿಗೆ

ಅಂಗಡಿಗೆ ಬೋರ್ಡಿಲ್ಲ. ಪೆನ್ಷನ್ ಮೊಹಲ್ಲಾದಲ್ಲಿ ನಿಂತು 'ರೇಡಿಯೊ ಭಾಯ್ ಎಲ್ಲಿ' ಅಂತ ಕೇಳಿದರೆ ಒಂದು ಮಿಕ್ಸಿ ರಿಪೇರಿ ಅಂಗಡಿ ತೋರಿಸುತ್ತಾರೆ. ಅದೇ. ಮುಂದುಗಡೆ ಮಿಕ್ಸಿ ಜಾರು, ಫ್ಯಾನಿನ ರೆಕ್ಕೆ, ಸುಟ್ಟುಹೋದ ಪಂಪ್‌ಸೆಟ್ ಮೋಟ್ರು. ಒಳಗೆ ಬಗ್ಗಿ ನೋಡಿದರೆ ಅಟ್ಟದ ಮೇಲೆ ವಾಲ್ವ್ ರೇಡಿಯೊಗಳು, ದೂಳು ಹೊದ್ದು ಕೂತಿರುತ್ತವೆ. ಮೂಲೆಯಲ್ಲಿ ಒಂದೇ ಒಂದು ರೇಡಿಯೊಗೆ ಜೀವವಿದೆ. ಅದರಲ್ಲಿ ಬೆಳಗಿಂದ ಸಂಜೆತನಕ ಆಕಾಶವಾಣಿ ಹಾಸನ.

ನಾನು ಅಲ್ಲಿಗೆ ಹೋದದ್ದು ಗತಿಯಿಲ್ಲದೆ. ಡೆಟ್ರಾಯಿಟ್‌ನಲ್ಲಿ ಮೂವತ್ತು ವರ್ಷ ಇದ್ದ ನನ್ನ ಭಾವ ಮನೆ ಖಾಲಿ ಮಾಡುವಾಗ ಒಂದು ಬೆಲ್ಟ್ ಡ್ರೈವ್ ರೆಕಾರ್ಡ್ ಪ್ಲೇಯರನ್ನೂ ಹನ್ನೊಂದು ರೆಕಾರ್ಡುಗಳನ್ನೂ ನನಗೆ ಅಂತ ಎತ್ತಿಟ್ಟಿದ್ದರು. ಬೇರೆಯವರಿಗೆ ಸೀರೆ, ವಾಚು, ನನಗೆ ಇದು. ನನ್ನ ಹುಚ್ಚು ಅವರಿಗೆ ಗೊತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಬ್ಯಾಂಕ್ ಕೆಲಸಕ್ಕೆ ಬೊಂಬಾಯಿಗೆ ಹೋಗಿ ಮಾಟುಂಗದ ಕೋಣೆಯೊಂದರಲ್ಲಿ ನಾಲ್ಕು ಜನರ ಜೊತೆ ಇದ್ದಾಗ ಹಿಡಿದದ್ದು ಅಮೆರಿಕದ ಈ ಜಾಝ್ ಸಂಗೀತದ ಖಾಯಿಲೆ. ಹಾಸನಕ್ಕೆ ವರ್ಗವಾಗಿ ಬಂದಮೇಲೆ ಇದನ್ನು ಹಂಚಿಕೊಳ್ಳಲು ಒಬ್ಬ ಮನುಷ್ಯ ಸಿಗಲಿಲ್ಲ. ಸ್ಯಾಕ್ಸೊಫೋನ್ ಅಂದರೆ 'ಓ, ಕದ್ರಿ ಗೋಪಾಲನಾಥ್' ಅನ್ನುತ್ತಿದ್ದರು. ಅದೇನು ಸಣ್ಣ ಹೆಸರಲ್ಲ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದವರು ಅವರು. ಮಂಗಳೂರಿನಲ್ಲಿ ಅವರ ಕಛೇರಿ ಕೇಳಿದ ರಾತ್ರಿ, ಆ ಹಿತ್ತಾಳೆ ಕೊಳವೆಯಲ್ಲಿ ಗಮಕ ಹೇಗೆ ಬಂತು ಅಂತ ಯೋಚಿಸುತ್ತಾ ಶಿರಾಡಿ ಘಾಟಿ ಹತ್ತಿದ್ದು ಗೊತ್ತಾಗಲಿಲ್ಲ. ಆದರೂ ನನಗೆ ಬೇಕಿದ್ದದ್ದು ಬೇರೆಯದು.

ಪ್ಲೇಯರ್ ಬಂತು, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡು ತಂದೆ, ಮೊದಲು ಹಾಕಿದ್ದು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ಬೊಂಬಾಯಿಯಲ್ಲಿ ಕೊಂಡ ಕ್ಯಾಸೆಟ್ಟಿನಲ್ಲಿ ಅದನ್ನು ಟೇಪು ಸವೆಯುವಷ್ಟು ಕೇಳಿದ್ದೆ. ಸೂಜಿ ಇಳಿಯಿತು. ಪಾಲ್ ಚೇಂಬರ್ಸ್‌ನ ಬೇಸ್ ಶುರುವಾಯಿತು, ಜ್ವರದಲ್ಲಿ ಎದ್ದು ನೀರು ಕುಡಿಯಲು ಹೊರಟವನ ಹಾಗೆ. ಟ್ರಂಪೆಟ್ಟು ಬಂತು, ಅದೂ ಹಾಗೇ. ಒಂಬತ್ತು ನಿಮಿಷದ ಚಿಲ್ಲರೆ ಮುಗಿಯಬೇಕಾದ ಮೊದಲ ಹಾಡು 'ಸೋ ವಾಟ್' ಹನ್ನೊಂದು ನಿಮಿಷ ದಾಟಿತು. ನಾಲ್ಕು ದಶಕ ಕಾದು, ಕೊನೆಗೆ ಅದರ ಸ್ಯಾಕ್ಸ್ ವಾದಕ ಕೋಲ್ಟ್ರೇನ್ ನಮ್ಮ ಮನೆಗೆ ಬಂದದ್ದು ನಿದ್ದೆ ಮಾತ್ರೆ ನುಂಗಿ!

ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೊತ್ತುಕೊಂಡು ಹೋದೆ. ಹೆಸರು ಬೇಡ. ಬಿಚ್ಚಿಯೂ ನೋಡದೆ 'ಮೋಟರ್ ವೀಕ್ ಆಗಿದೆ, ಬದಲಾಯಿಸಬೇಕು, ಒಂಬತ್ತು ಸಾವಿರ' ಅಂದರು. ವಾಪಸ್ ತಂದೆ. ಮಿಕ್ಸಿ ರಿಪೇರಿಗೆ ಹೋಗಿದ್ದ ನಮ್ಮ ಪಕ್ಕದ ಮನೆಯವರು ಹೇಳಿದ ಮೇಲೆ ಭಾಯ್ ಹತ್ತಿರ ಹೋದದ್ದು.

ಭಾಯ್‌ಗೆ ನನಗಿಂತ ಎರಡು ಮೂರು ವರ್ಷ ಹೆಚ್ಚಿರಬಹುದು. ಪ್ಲೇಯರನ್ನು ತಿರುಗಿಸಿ ಹಿಂದಿನ ತಗಡಿನ ಪಟ್ಟಿಯನ್ನು ಭೂತಗನ್ನಡಿಯಲ್ಲಿ ಓದಿದರು. ಅಷ್ಟೇ ನೋಡಿದ್ದು.

"ಸಾರ್, ಮೋಟ್ರು ಗಟ್ಟಿಮುಟ್ಟಾಗೈತೆ. ಅದು ಅರವತ್ತು ಸೈಕಲ್ ಕರೆಂಟಿಂದು. ನಮ್ದು ಐವತ್ತು. ನಿಮ್ ಟ್ರಾನ್ಸ್‌ಫಾರ್ಮರ್ ಓಲ್ಟೇಜ್ ಇಳಿಸ್ತದೆ, ಸೈಕಲ್ ಏರಿಸ್ತದಾ?"

ಇಂಥ ಮೋಟ್ರು ಕರೆಂಟಿನ ಸೈಕಲ್ಲಿಗೆ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವುದಕ್ಕೆ, ಕಟ್ಟಿಬಿದ್ದು ತಿರುಗುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60, ಇಲ್ಲಿ 50. ಅಂದರೆ ಆರರಲ್ಲಿ ಐದು ಪಾಲು ವೇಗ. ನಿಮಿಷಕ್ಕೆ ಮೂವತ್ಮೂರೂ ಮತ್ತೊಂದು ಮೂರನೇ ಒಂದು ಸುತ್ತು ಹೊಡೆಯಬೇಕಾದ ತಟ್ಟೆ ಇಪ್ಪತ್ತೆಂಟನ್ನೂ ಮುಟ್ಟುತ್ತಿರಲಿಲ್ಲ. ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಪರಿಹಾರ ಇದ್ದದ್ದು ಮೋಟ್ರಿನ ತುದಿಯಲ್ಲಿ ಬೆಲ್ಟು ಎಳೆದು ತಟ್ಟೆ ತಿರುಗಿಸುವ ಹಿತ್ತಾಳೆ ಪುಲ್ಲಿಯಲ್ಲಿ: ಅದರ ಅಡ್ಡಳತೆ ಐದಿದ್ದರೆ ಆರಾಗಬೇಕು.

ಭಾಯ್ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತಮಗೆ ಗೊತ್ತಿದ್ದ ಲೇತ್ ಅಂಗಡಿಗೆ ಕರೆದುಕೊಂಡು ಹೋದರು. ಸಕಲೇಶಪುರದ ಕಡೆಯ ತೋಟಗಳ ಕಾಫಿ ಪಲ್ಪರಿಗೆ ಬುಷ್ಶು, ಶಾಫ್ಟು ಕಡೆದುಕೊಡುವ ಜಾಗ. ಬೇಲೂರು, ಹಳೇಬೀಡಿನ ದೇವಸ್ಥಾನದೊಳಗೆ ಕನ್ನಡಿಯ ಹಾಗೆ ನುಣುಪಾದ ಕಂಬಗಳಿವೆಯಲ್ಲ, ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದವು, ಹನ್ನೆರಡನೇ ಶತಮಾನದವು. ಆ ಜಿಲ್ಲೆಯಲ್ಲಿ ಇದ್ದುಕೊಂಡು ಒಂದು ಬೆರಳುಗಾತ್ರದ ಪುಲ್ಲಿಗೆ ನಾನು ಬೆಂಗಳೂರಿಗೆ ಹೋಗಿದ್ದೆ. ಲೇತ್ ಹುಡುಗ ವರ್ನಿಯರ್ ಹಿಡಿದು 'ಹತ್ತು ಎಂಎಂ' ಅಂದ, ಹನ್ನೆರಡಕ್ಕೆ ಕಡೆದುಕೊಟ್ಟ.

ಅಂಗಡಿಗೆ ವಾಪಸ್ ಬಂದು ಭಾಯ್ ತಟ್ಟೆಯ ಮೇಲೆ ಒಂದು ದುಂಡನೆ ಕಾಗದ ಇಟ್ಟರು. ಅಂಚಿನ ಸುತ್ತ 180 ಕಪ್ಪು ಗೆರೆ. ಹಳೇ ಚೋಕಿನ ಟ್ಯೂಬ್‌ಲೈಟ್ ಹಾಕಿದರು. ಆ ಲೈಟು ನಮ್ಮ ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ ನೂರು ಸಲ ಮಿನುಗುತ್ತದಂತೆ. ವೇಗ ಸರಿಯಿದ್ದರೆ ಗೆರೆಗಳು ನಿಂತ ಹಾಗೆ ಕಾಣಬೇಕು. ಲೆಕ್ಕ ಹಾಕಿ ನೋಡಿದೆ: ನಿಮಿಷಕ್ಕೆ ಆರು ಸಾವಿರ ಮಿನುಗು, ಅದನ್ನು ಸುತ್ತಿನ ಸಂಖ್ಯೆಯಿಂದ ಭಾಗಿಸಿದರೆ ಸರಿಯಾಗಿ 180. ಎಷ್ಟೋ ಎಲ್ಇಡಿ ಬಲ್ಬುಗಳಲ್ಲಿ ಈ ಆಟ ನಡೆಯೋದಿಲ್ಲ ಅಂತಲೇ ಆ ಒಂದು ಟ್ಯೂಬ್‌ಲೈಟನ್ನು ಅವರು ಉಳಿಸಿಕೊಂಡಿರುವುದು.

ಗೆರೆಗಳು ನಿಲ್ಲಲಿಲ್ಲ. ಇರುವೆ ಸಾಲಿನ ಹಾಗೆ ನಿಧಾನಕ್ಕೆ ಹಿಂದೆ ಸರಿಯುತ್ತಿದ್ದವು. ಭಾಯ್ ಹಣೆ ಚಚ್ಚಿಕೊಂಡರು. "ಬೆಲ್ಟಿನ ದಪ್ಪ ಮರೆತೆ ಸಾರ್." ಬೆಲ್ಟು ಪುಲ್ಲಿಯ ಮೇಲೆ ಕೂರುವಾಗ ಅದರ ದಪ್ಪವೂ ಲೆಕ್ಕಕ್ಕೆ ಸೇರುತ್ತದೆ; ಹತ್ತಕ್ಕೆ ಹನ್ನೆರಡು ಸಾಲದು, ಕೂದಲೆಳೆ ಹೆಚ್ಚು ಬೇಕು. ಎರಡನೇ ಪುಲ್ಲಿ 12.1 ಎಂಎಂ. ಗೆರೆಗಳು ನಿಂತವು. ನನ್ನ ಕಣ್ಣಿನಲ್ಲಿ ನೀರು ಬಂತು ಅಂದರೆ ನಗಬೇಡಿ.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಮೊದಲ ಪುಲ್ಲಿಗೂ ಎರಡನೆಯದಕ್ಕೂ ನಡುವೆ ಹತ್ತೊಂಬತ್ತು ದಿನ. 'ಗುರುವಾರ ಬನ್ನಿ' ಅಂದ ಗುರುವಾರ ಹಾಸನಾಂಬೆ ಬಾಗಿಲು ತೆರೆದಿತ್ತು, ಊರಿಗೆ ಊರೇ ಜಾಮು, ಅಂಗಡಿ ಬಂದ್. ಮುಂದಿನ ಗುರುವಾರ ಮೊಮ್ಮಗಳ ಹುಟ್ಟುಹಬ್ಬ. ಫೋನ್ ಎತ್ತುವ ಅಭ್ಯಾಸ ಅವರಿಗಿಲ್ಲ. ಪ್ಲೇಯರಿನ ಮುಚ್ಚಳದ ಮೇಲೆ ಟೀ ಗ್ಲಾಸಿನ ಎರಡು ಉಂಗುರ ಮೂಡಿದ್ದವು, ಒಂದು ಇನ್ನೂ ಹೋಗಿಲ್ಲ.

ಪರೀಕ್ಷೆಗೆ ಅಂತ ನಾನು ತೆಗೆದುಕೊಂಡು ಹೋಗಿದ್ದ ರೆಕಾರ್ಡು ಸ್ಯಾಕ್ಸ್ ವಾದಕ ಸಾನಿ ರಾಲಿನ್ಸ್‌ನ 'ದಿ ಬ್ರಿಡ್ಜ್'. ಅಲ್ಲೇ, ಮಿಕ್ಸಿ ಜಾರುಗಳ ನಡುವೆ, ಪೂರ್ತಿ ಒಂದು ಕಡೆ ಕೇಳಿದೆವು. ನಾನು ಭಾಯ್‌ಗೆ ಕಥೆ ಹೇಳಿದೆ: 1959ರಲ್ಲಿ ಒಳ್ಳೆ ಹೆಸರು ಬಂದಿರುವಾಗಲೇ ಈತ ಕಛೇರಿ ನಿಲ್ಲಿಸಿಬಿಟ್ಟ, ಪಕ್ಕದ ಮನೆಯವರಿಗೆ ತೊಂದರೆ ಯಾಕೆ ಅಂತ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ಅಭ್ಯಾಸ ಮಾಡಿದ, 1962ರಲ್ಲಿ ಈ ರೆಕಾರ್ಡಿನ ಜೊತೆ ವಾಪಸ್ ಬಂದ. 1978ರಲ್ಲಿ ಬೊಂಬಾಯಿಯಲ್ಲಿ ಮೊದಲ 'ಜಾಝ್ ಯಾತ್ರಾ' ಉತ್ಸವ ನಡೆದಾಗ ಇದೇ ರಾಲಿನ್ಸ್ ಬಂದಿದ್ದ. ಧೋಬಿ ತಲಾವ್ ಹತ್ತಿರದ ರಂಗಭವನದ ಬಯಲಲ್ಲಿ, ಹಿಂದಿನ ಸಾಲಿನಲ್ಲಿ ಸಂಬಳದ ಹದಿನೈದನೇ ಭಾಗ ಕೊಟ್ಟು ನಿಂತಿದ್ದೆ. ಯಾವ ಹಾಡು ನುಡಿಸಿದ ಅಂತ ಕೇಳಬೇಡಿ. ನೆನಪಿರುವುದು ಆ ಟೆನರ್ ಸ್ಯಾಕ್ಸಿನ ದನಿ ಕಿವಿಗಿಂತ ಮೊದಲು ಎದೆಗೂಡಿಗೆ ಬಂದು ತಗುಲಿದ್ದು, ಕೊನೆ ಲೋಕಲ್ ತಪ್ಪಿ ಅರ್ಧ ರಾತ್ರಿ ನಡೆದದ್ದು, ಬೆಳಿಗ್ಗೆ ಬ್ಯಾಂಕಿನಲ್ಲಿ ಲೆಜರ್ ತಪ್ಪಾಗಿ ಕೂಡಿ ಬೈಸಿಕೊಂಡದ್ದು.

ಭಾಯ್ ಸುಮ್ಮನೆ ಕೇಳಿದರು. ಅವರ ಅಪ್ಪ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲ್ಯಾರಿನೆಟ್ ಊದುತ್ತಿದ್ದವರಂತೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಇವ್ರು ಉಸಿರು ಎಲ್ಲಿ ತಗೋತಾರೆ ಸಾರ್?" ನನಗೆ ಗೊತ್ತಿರುವ ಯಾವ ಜಾಝ್ ಪಂಡಿತನೂ ಇಷ್ಟು ಒಳ್ಳೆ ಪ್ರಶ್ನೆ ಕೇಳಿಲ್ಲ.

ಇನ್ನು ಜಗಳದ ವಿಷಯ.

ನನ್ನ ಹೆಂಡತಿ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ನನ್ನ ಜಾಝನ್ನು ಅವಳು ಸಹಿಸಿಕೊಂಡಿದ್ದಾಳೆ, ಅಷ್ಟೆ. ಒಮ್ಮೆ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್‌ನ 'ಟೇಕ್ ಫೈವ್' ಕೇಳುತ್ತಾ ತರಕಾರಿ ಹೆಚ್ಚುತ್ತಿದ್ದವಳು ತೊಡೆ ಮೇಲೆ ತಾಳ ಹಾಕಿ, 'ಖಂಡ ಛಾಪು, ಆದ್ರೆ ಮಗುಚಿ ಹಾಕಿದ್ದಾರೆ' ಅಂದಳು. ನಿಜ. ನಮ್ಮದು ತಕ ತಕಿಟ, ಅವರದು ತಕಿಟ ತಕ. ಬೆಂಗಳೂರಿನ ಆರ್.ಎ. ರಮಾಮಣಿಯವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ, ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಜೊತೆ ಹಾಡಿದ 'ಜ್ಯೋತಿ' (1983) ಒಂದನ್ನು ಮಾತ್ರ ಅವಳು ತಾನೇ ಕೇಳಿ ಹಾಕಿಸಿಕೊಳ್ಳುತ್ತಾಳೆ. ಮರಿಯಾನೊ ನಾಗಸ್ವರ ಕಲಿತವನು ಅಂತ ಹೇಳಿದಾಗಿನಿಂದ ಅವನ ಮೇಲೆ ಸ್ವಲ್ಪ ಗೌರವ.

ರಿಪೇರಿಯಾಗಿ ಬಂದ ಪ್ಲೇಯರಿನಲ್ಲಿ 'ಸೋ ವಾಟ್' ಹಾಕಿದೆ. ಅದು ಹದಿನಾರು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಶ್ರುತಿಯ ಎರಡನೇ ಮನೆಯಲ್ಲಿ, ನಮ್ಮ ಖರಹರಪ್ರಿಯ ರಾಗದ ಸ್ವರಗಳೇ. ಆಮೇಲೆ ಎಂಟು ಬಾರ್ ಷಡ್ಜವನ್ನೇ ಅರ್ಧ ಮನೆ ಮೇಲೆತ್ತಿ ಅದೇ ಖರಹರಪ್ರಿಯ, ಮತ್ತೆ ಎಂಟು ಬಾರ್ ಮೊದಲಿನ ಜಾಗಕ್ಕೆ. 'ಹಾಡ್ತಾ ಹಾಡ್ತಾ ಮನೇನೇ ಬದಲಾಯಿಸಿಬಿಟ್ರಲ್ಲ, ಬಾಡಿಗೆದಾರರ ಥರ' ಅಂದಳು. ಅವಳಿಗೆ ಇದನ್ನು ವಿವರಿಸೋಣ ಅಂತ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಎರಡನೇ ಮನೆಗೆ ಇಟ್ಟೆ. ಕೂಡಲಿಲ್ಲ. ರೆಕಾರ್ಡಿನ ಶ್ರುತಿ ಮೇಲಿತ್ತು. ಅರ್ಧ ಮನೆಯಷ್ಟಲ್ಲ, ಅದಕ್ಕಿಂತ ಕಡಿಮೆ, ಆದರೆ ಹಲ್ಲಿಗೆ ಸಿಕ್ಕಿದ ಅಡಿಕೆ ಚೂರಿನಷ್ಟು ಖಚಿತ. ಎರಡನೇ ಕಡೆ ತಿರುಗಿಸಿ 'ಆಲ್ ಬ್ಲೂಸ್' ಹಾಕಿ ಐದನೇ ಮನೆಗೆ ಶ್ರುತಿ ಇಟ್ಟರೆ ಹಾಲಿಗೆ ಸಕ್ಕರೆ ಬೆರೆತ ಹಾಗೆ ಕೂತಿತು.

ಮಾರನೇ ದಿನ ಭಾಯ್ ಅಂಗಡಿಯಲ್ಲಿ ದನಿ ಏರಿಸಿದೆ. ಪುಲ್ಲಿ ವಕ್ರ ಇದೆ, ಬೆಲ್ಟು ಜಾರುತ್ತಿದೆ, ಹತ್ತೊಂಬತ್ತು ದಿನ ಸುತ್ತಿಸಿ ಇದೇನಾ ಕೆಲಸ ಅಂತೆಲ್ಲ ಅಂದೆ. ಮಿಕ್ಸಿ ತೆಗೆದುಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ನೋಡುತ್ತಿದ್ದರು. ಭಾಯ್ ಏನೂ ಅನ್ನದೆ ಟ್ಯೂಬ್‌ಲೈಟ್ ಹಾಕಿ, ರೆಕಾರ್ಡಿನ ಮೇಲೆ ಗೆರೆ ಕಾಗದ ಇಟ್ಟು ಒಂದನೇ ಕಡೆ ತೋರಿಸಿದರು, ನಿಂತಿತ್ತು. ತಿರುಗಿಸಿ ಎರಡನೇ ಕಡೆ, ನಿಂತಿತ್ತು.

"ಒಂದು ಕಡೆ ಸರಿ, ಒಂದು ಕಡೆ ತಪ್ಪು ಅಂದ್ರೆ ಅದು ಮಿಶಿನ್ನಿಂದಲ್ಲ ಸಾರ್. ಮಿಶಿನ್ನಿಗೆ ಯಾವ ಕಡೆ ಹಾಕಿದ್ದೀರಿ ಅಂತ ಗೊತ್ತಾಗ್ತದಾ? ರೆಕಾರ್ಡ್ ಮಾಡ್ದೋರ್ನ ಕೇಳಿ."

ಮೈಲ್ಸ್ ಡೇವಿಸ್‌ನ ರೆಕಾರ್ಡಿನಲ್ಲಿ ತಪ್ಪು ಹುಡುಕುವುದಾ ಅಂತ ಉರಿದುಕೊಂಡು ಮನೆಗೆ ಬಂದೆ. ರಾತ್ರಿ ಮಗನಿಗೆ ಫೋನ್ ಮಾಡಿ ಹೇಳಿಕೊಂಡರೆ ಅವನು ಐದು ನಿಮಿಷದಲ್ಲಿ ಹುಡುಕಿ ತಿರುಗಿ ಫೋನ್ ಮಾಡಿದ. ಈ ರೆಕಾರ್ಡು ಎರಡು ದಿನ ಆದದ್ದು, ಎರಡೂ ನ್ಯೂಯಾರ್ಕಿನ ಕೊಲಂಬಿಯಾ ಕಂಪನಿಯ 30ನೇ ಬೀದಿ ಸ್ಟುಡಿಯೊದಲ್ಲಿ: 1959ರ ಮಾರ್ಚ್ 2, ಏಪ್ರಿಲ್ 22. ಒಂದನೇ ಕಡೆಯ ಮೂರು ಹಾಡೂ ಮಾರ್ಚಿನವು. ಆ ದಿನ ಮುಖ್ಯ ಟೇಪ್ ಮಿಶಿನ್ನು ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ನಿಧಾನಕ್ಕೆ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಹಾಗೇ ಅಚ್ಚಾಯಿತು. ಜೊತೆಗಿದ್ದ ಇನ್ನೊಂದು ಮಿಶಿನ್ನಿನ ಟೇಪು ಸರಿಯಿತ್ತು. ಅದನ್ನು ಬಳಸಿ ತಿದ್ದಿದ್ದು 1990ರ ದಶಕದಲ್ಲಿ. ಭಾವನ ರೆಕಾರ್ಡು ಅದಕ್ಕಿಂತ ಹಿಂದಿನದು. ಜಗತ್ತಿನ ಜಾಝ್ ಪ್ರಿಯರೆಲ್ಲ ಮೂವತ್ತು ವರ್ಷ ತಲೆದೂಗಿದ ತಪ್ಪನ್ನು ಪೆನ್ಷನ್ ಮೊಹಲ್ಲಾದ ಒಂದು ಟ್ಯೂಬ್‌ಲೈಟು ಹಿಡಿದುಕೊಟ್ಟಿತ್ತು.

ಮಗ ತಿದ್ದಿದ ಆವೃತ್ತಿಯನ್ನು ಫೋನಿನಲ್ಲಿ ಕಳಿಸಿದ. ಶ್ರುತಿಪೆಟ್ಟಿಗೆಗೆ ಕೂತಿತು. ನನಗೆ ಕೂರಲಿಲ್ಲ. ನನ್ನ ಬೊಂಬಾಯಿಯ ಕ್ಯಾಸೆಟ್ಟೂ ಓಡುವ ಕ್ಯಾಸೆಟ್ಟೇ ಆಗಿತ್ತಲ್ಲ! ಮಾಟುಂಗದ ಕೋಣೆಯಲ್ಲಿ ಮೂರು ಜನ ಗೊರಕೆ ಹೊಡೆಯುವಾಗ ದನಿ ತಗ್ಗಿಸಿಕೊಂಡು ಕೇಳಿದ ಕೋಲ್ಟ್ರೇನ್, ಜೊತೆಯ ಸ್ಯಾಕ್ಸ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಇಬ್ಬರೂ ಕೂದಲೆಳೆ ಮೇಲಿನ ಶ್ರುತಿಯಲ್ಲೇ ನುಡಿಸಿದ್ದರು. ಸರಿ ಇರುವುದು ನನಗೆ ಸೋಮಾರಿ ಅನಿಸಿತು.

ಸಿಹಿ ಪೊಟ್ಟಣ ಹಿಡಿದು ಅಂಗಡಿಗೆ ಹೋದೆ, ವಿಷಯ ಪೂರ್ತಿ ಹೇಳಿದೆ. ಭಾಯ್ ಗೆದ್ದವರ ಹಾಗೆ ನಗಲೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಆ ಕಡೆಗೆ ಅಂತ ಇನ್ನೊಂದು ಪುಲ್ಲಿ ಕಡಸ್ಲಾ ಸಾರ್? ಸ್ವಲ್ಪ ಸಣ್ಣದು. ಕಡೆ ಬದಲಾಯಿಸ್ದಾಗ ಪುಲ್ಲಿ ಬದಲಾಯಿಸ್ಕೊಳ್ಳಿ" ಅಂದರು. ಬೇಡ ಅಂದೆ. ಯಾಕೆ ಅಂತ ಅವರೂ ಕೇಳಲಿಲ್ಲ.

ಖರ್ಚು: ಎರಡು ಪುಲ್ಲಿಗೆ ಲೇತ್‌ನವರಿಗೆ ಐನೂರು, ಹೊಸ ಬೆಲ್ಟಿಗೆ ಮುನ್ನೂರು, ಭಾಯ್ ಕೂಲಿ ಮುನ್ನೂರೈವತ್ತು. ಬಿಲ್ಲು ಕೊಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಸೂಜಿ ಅವರ ಹತ್ತಿರ ಸಿಗುವುದಿಲ್ಲ, ನೀವೇ ತರಿಸಿಕೊಳ್ಳಬೇಕು. ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಹೋಗಿ.