ಮಗಳ ಧಾರೆಗೆ ಕರೆಸಿದ ಶಹನಾಯಿ

ಮೇ ತಿಂಗಳಲ್ಲಿ ಶಿರಸಿಯಲ್ಲಿ ಮಗಳ ಮದುವೆ ಆಯ್ತು. ರೆಕಾರ್ಡಿಂಗ್ ಬೇಡವೇ ಬೇಡ, ಶಹನಾಯಿ ಎದುರಿಗೇ ನುಡಿಯಬೇಕು ಎಂದು ಹಟ ಹಿಡಿದವಳು ನಾನು. ಮುಖ್ಯ ಶಹನಾಯಿ, ಶ್ರುತಿಗೆ ಇನ್ನೊಂದು, ತಬಲಾ: ಮೂವರು ಬಂದರು. ಪ್ರಯಾಣ ಸೇರಿ 24 ಸಾವಿರ. ಒಂದು ರೂಪಾಯಿಯೂ ಹೆಚ್ಚೆನಿಸಲಿಲ್ಲ.

ಬೆಳಿಗ್ಗೆ 7ಕ್ಕೇ ಹಾಜರು. ಹಿಂದಿನ ರಾತ್ರಿ ಮಳೆ ಹೊಯ್ದು ಗಾಳಿಯೆಲ್ಲ ತೇವ, ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿದಿತ್ತು. ತಬಲಾದವರು ಪುಟ್ಟ ಸುತ್ತಿಗೆಯಿಂದ ಗಟ್ಟಾ (ಬಾರುಗಳ ಕೆಳಗಿನ ಮರದ ತುಂಡು) ಕುಟ್ಟಿ, ಕಿವಿಗೊಟ್ಟು, ಮತ್ತೆ ಕುಟ್ಟಿ ಸರಿಮಾಡಿದರು. ಹಿರಿಯರು ಶಹನಾಯಿಯ ಪತ್ತಿಯನ್ನು (ಊದುವ ತುದಿಯ ಜೊಂಡಿನ ನಾಲಿಗೆ) ತುಟಿಗಳ ನಡುವೆ ಇಟ್ಟು ನೆನೆಸುತ್ತಿದ್ದರು. ಪೂಜೆಗೆ ಭೈರವ್ ರಾಗ, ಬಿಸಿಲೇರಿದ ಮೇಲೆ ವೃಂದಾವನಿ ಸಾರಂಗ. ಅಂತಃಪಟ ಸರಿಯುವಾಗ ಪುರೋಹಿತರ ಒಂದು ಕೈಸನ್ನೆ ಸಾಕಾಯ್ತು. ನಿಧಾನದ ವಿಲಂಬಿತದಲ್ಲಿದ್ದವರು ತಟ್ಟನೆ ವೇಗದ ದ್ರುತಕ್ಕೆ ಏರಿದರು. ನನ್ನ ಕಣ್ಣು ತುಂಬಿತು. ಯಾವ ರೆಕಾರ್ಡಿಂಗ್ ಹೀಗೆ ಕಾದೀತು?

ಬೇಸರ ತಂದದ್ದು ಧ್ವನಿವರ್ಧಕದವರು. ಮೊದಲೇ ಗಟ್ಟಿ ದನಿಯ ವಾದ್ಯ, ಅದರ ಬಾಯಿಗೇ ಮೈಕ್ ಇಟ್ಟುಬಿಟ್ಟರು. ಎರಡು ಸಲ ಹೇಳಿದ ಮೇಲೆ ದೂರ ಸರಿಸಿದರು.

ನೀವು ಕರೆಸುವುದಾದರೆ ಮಂಟಪ ಕಾಣುವ ಜಾಗದಲ್ಲೇ ಕೂರಿಸಿ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿ, ಗಂಟೆಗಟ್ಟಲೆ ಊದಿ ದಣಿದಿರುತ್ತಾರೆ.