ಕ್ಯಾಂಪಿನ ಬಂದೂಕು ರಿಪೇರಿ ಅಂಗಡಿ: ಒಂಬತ್ತು ದಿನ ಕಾಯಿಸಿದರು, ಆದರೆ ರೋಗ ಪತ್ತೆ ಹಚ್ಚಿದರು

ನನ್ನದು ಪಾಯಿಂಟ್ 22 ಸ್ಪೋರ್ಟ್ ಪಿಸ್ತೂಲು, ಸೆಕೆಂಡ್ ಹ್ಯಾಂಡ್. ಆರು ತಿಂಗಳಿಂದ ಒಂದೇ ಕಾಟ. ಗುಂಡು ಹೊಡೆದ ಮೇಲೆ ಖಾಲಿ ಕೇಸು, ಅಂದರೆ ಗುಂಡಿನ ಲೋಹದ ಕವಚ, ಹೊರಗೆ ಹಾರದೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ದಿನಾ ಆಗಿದ್ದರೇ ಒಳ್ಳೆಯದಿತ್ತು, ಕಾರಣ ಬೇಗ ಸಿಗುತ್ತಿತ್ತು.

ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯಲ್ಲಿ 60 ಗುಂಡು, ಐದೈದರಂತೆ. ಮೊದಲ 20ರಲ್ಲಿ ಪ್ರತಿ ಐದಕ್ಕೆ 150 ಸೆಕೆಂಡ್, ಆಮೇಲಿನ 20ರಲ್ಲಿ 20 ಸೆಕೆಂಡ್, ಕೊನೆಯ 20ರಲ್ಲಿ ಬರೀ 10 ಸೆಕೆಂಡ್. ನನ್ನದು ಜಾಮ್ ಆಗುತ್ತಿದ್ದದ್ದು ಜಾಸ್ತಿ ಆ ಕೊನೆಯ ಇಪ್ಪತ್ತರಲ್ಲೇ. ಸಿಟ್ಟು ಬರಲ್ವಾ? ಅವಸರದಲ್ಲಿ ಕೈ ಸಡಿಲ ಬಿಡ್ತೀಯ ಅಂತ ಜೊತೆಯವರು ಅಂದರು. ನಂಬಿದೆ. ಗುಂಡಿನ ಬ್ರಾಂಡ್ ಬದಲಿಸಿದೆ. ಕೇಸನ್ನು ಹಿಂದಕ್ಕೆ ಎಳೆಯುವ ಎಕ್ಸ್‌ಟ್ರಾಕ್ಟರಿನ ಸ್ಪ್ರಿಂಗ್ ಹೊಸದು ಹಾಕಿಸಿದೆ. ಸುಮ್ನೆ ಖರ್ಚು.

ಕೊನೆಗೆ ಬೆಳಗಾವಿ ಕ್ಯಾಂಪ್ ಕಡೆಯ ಈ ಹಳೆ ಲೈಸೆನ್ಸ್ ಅಂಗಡಿಗೆ ಹೋದೆ. ಮೇಸ್ತ್ರಿ ಪಿಸ್ತೂಲು ಮುಟ್ಟಲೇ ಇಲ್ಲ. "ಖಾಲಿ ಕೇಸು ಎಲ್ಲಿ ಅದಾವ್ರೀ? ಹಾರಿದ್ದು ಬ್ಯಾರೆ, ಸಿಕ್ಕೊಂಡದ್ದು ಬ್ಯಾರೆ ಇಟ್ಟು ತರ್ರಿ" ಅಂದರು. ಬೈಲಹೊಂಗಲದಿಂದ ಹೋದವನಿಗೆ ಪಿತ್ತ ನೆತ್ತಿಗೇರಿತು. ಆದರೂ ಮುಂದಿನ ವಾರ ಎರಡು ಅಡಿಕೆ ಡಬ್ಬಿ ತುಂಬಿಕೊಂಡು ಹೋದೆ.

ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು. ಎರಡೂ ಡಬ್ಬಿಯ ಕೇಸುಗಳ ಮೇಲೆ, ಒಂದೇ ಜಾಗದಲ್ಲಿ, ಕೂದಲಿನಂಥ ಗೀರು. "ಗುಂಡಿಲ್ದ ಟ್ರಿಗರ್ ಒತ್ತತೀರೇನ್ರೀ ಮನ್ಯಾಗ?"

ನಾನಲ್ಲ, ನನ್ನ ಅಭ್ಯಾಸಕ್ಕೆ ಬೇರೆ ಏರ್ ಪಿಸ್ತೂಲು ಇದೆ. ಹಿಂದಿನ ಮಾಲೀಕರು ಒತ್ತಿರಬೇಕು. ಪಾಯಿಂಟ್ 22ರಲ್ಲಿ ಪಿನ್ ಹೊಡೆಯುವುದು ಕೇಸಿನ ಅಂಚಿಗೆ. ಕೇಸು ಇಲ್ಲದಿದ್ದರೆ ಆ ಪೆಟ್ಟು ಚೇಂಬರಿನ, ಅಂದರೆ ಗುಂಡು ಕೂರುವ ಗೂಡಿನ, ಬಾಯಿಗೇ ಬೀಳಬಹುದು. ನನ್ನದರಲ್ಲಿ ಬಿದ್ದು ಬಿದ್ದು ಅಲ್ಲಿನ ಲೋಹ ಚೂರು ಒಳಕ್ಕೆ ಉಬ್ಬಿತ್ತು. ಚೇಂಬರ್ ಸ್ವಚ್ಛ ಇರುವ ತನಕ ಕೇಸು ಉಜ್ಜಿಕೊಂಡು ಹೇಗೋ ಹೊರಗೆ ಬರುತ್ತದೆ. ನಲವತ್ತು ಗುಂಡು ಆಗುವಷ್ಟರಲ್ಲಿ ಗುಂಡಿಗೆ ಸವರಿದ ಮೇಣ, ಮಸಿ ಎಲ್ಲ ಕೂಡುತ್ತವೆ. ಆಗ ಕೇಸು ಬಿಗಿಯುತ್ತದೆ, ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಅಂಚಿನಿಂದ ಜಾರುತ್ತದೆ. ಜಾರಿದ ಕೇಸು, ಅದನ್ನು ಹೊರಗೆ ಚಿಮ್ಮಿಸುವ ಎಜೆಕ್ಟರಿಗೆ ಬಡಿಯುವುದೇ ಇಲ್ಲ, ಇನ್ನು ಹಾರುವುದೆಲ್ಲಿ? ಪಾಪ, ನನ್ನ ಕೈಗೆ ಸುಮ್ನೆ ಬೈಗುಳ.

ಅರ ಹಾಕಿ ಉಜ್ಜುತ್ತಾರೆ ಅಂದುಕೊಂಡಿದ್ದೆ. "ಅರ ಹಾಕಿದ್ರ ಚೇಂಬರ್ ಹಾಳಾಕ್ಕೈತ್ರೀ" ಅಂದು, ಉಬ್ಬಿದ್ದನ್ನು ಮೊನಚಾದ ಉಪಕರಣದಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ ಕೂರಿಸಿದರು. ಕೂಲಿ 1,500 ರೂಪಾಯಿ. ಹೊಸ ಸ್ಪ್ರಿಂಗಿಗೆ ನಾನು ಕೊಟ್ಟಿದ್ದೇ ಅದಕ್ಕಿಂತ ಜಾಸ್ತಿ.

ದೂರೂ ಇದೆ. ಎರಡು ದಿನ ಅಂದವರು ಒಂಬತ್ತು ದಿನ ತೆಗೆದುಕೊಂಡರು. ಫೋನ್ ಎತ್ತುವ ಅಭ್ಯಾಸವೇ ಇಲ್ಲ. ಕೂರಲು ಒಂದು ಸ್ಟೂಲು, ಅದರ ಮೇಲೂ ಎಣ್ಣೆ.

ಆಮೇಲೆ 400 ಗುಂಡು ಹೊಡೆದಿದ್ದೇನೆ. ಒಂದೇ ಸಲ ಜಾಮ್ ಆಯಿತು, ಅದು ಗುಂಡು ತುಂಬುವ ಮ್ಯಾಗಜಿನ್ನಿನ ತುಟಿ (ಮೇಲಿನ ಅಂಚು) ಬಾಗಿದ್ದಕ್ಕೆ. ಹೋಗುವವರು ಖಾಲಿ ಕೇಸಿನ ಜೊತೆ ಲೈಸೆನ್ಸ್ ಪುಸ್ತಕವನ್ನೇ ಒಯ್ಯಿರಿ. ಝೆರಾಕ್ಸ್ ತೋರಿಸಿದರೆ ರಿಜಿಸ್ಟರ್ ತೆರೆಯುವುದೇ ಇಲ್ಲ, ಬಾಗಿಲಿಂದಲೇ ವಾಪಸ್ ಕಳಿಸುತ್ತಾರೆ.