ಕ್ಲಿಪ್ಪರ್ ಓಡದ ವಿಂಡೋಸ್ 11ರಲ್ಲಿ ಟೊಮೇಟೊ ಮಂಡಿಯ ಲೆಕ್ಕ: ನಾಲ್ಕು ದಾರಿಗಳ ಹೋಲಿಕೆ

ಕೋಲಾರದ ಎಪಿಎಂಸಿಯಲ್ಲಿ ನಾನು ನೋಡಿಕೊಳ್ಳುವ ಟೊಮೇಟೊ ಮಂಡಿಗಳ ಲೆಕ್ಕದ ಪ್ರೋಗ್ರಾಂಗಳೆಲ್ಲ ಹಳೇ ಡಾಸ್ ವ್ಯವಸ್ಥೆಗೆಂದು ಬಂದ ಕ್ಲಿಪ್ಪರ್ ಎಂಬ ಭಾಷೆಯಲ್ಲಿ ಬರೆದದ್ದು. 15 ಕೆಜಿ ಬಾಕ್ಸಿನ ಹರಾಜು ದರ, ಹಮಾಲಿ, ರೈತರಿಗೆ ಕೊಟ್ಟ ಮುಂಗಡ ಎಲ್ಲವೂ ಡಿಬಿಎಫ್ ಎಂಬ ಡೇಟಾ ಫೈಲುಗಳಲ್ಲಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಮಾಲೀಕರು ಒಬ್ಬೊಬ್ಬರಾಗಿ ವಿಂಡೋಸ್ 11ಕ್ಕೆ ಬಂದರು. ಹಳೇ ಕಂಪ್ಯೂಟರುಗಳಲ್ಲಿದ್ದದ್ದು 32-ಬಿಟ್ ವಿಂಡೋಸ್. ಡಾಸ್ ಪ್ರೋಗ್ರಾಂ ಓಡಿಸಲು ಅದರಲ್ಲಿ ಎನ್‌ಟಿವಿಡಿಎಂ ಎಂಬ ಭಾಗವಿತ್ತು. 64-ಬಿಟ್ ವಿಂಡೋಸಿನಲ್ಲಿ ಅದು ಇಲ್ಲವೇ ಇಲ್ಲ, ವಿಂಡೋಸ್ 11 ಬರುವುದೇ 64-ಬಿಟ್ ಆಗಿ. ಬಿಲ್ಲು ಹಾಕುವ ಪ್ರೋಗ್ರಾಂ ಜೊತೆಗೆ ಅದನ್ನು ತಿದ್ದಿ ಕಟ್ಟುವ ಕಂಪೈಲರ್, ಲಿಂಕರ್ ಕೂಡ ಒಂದೇ ಏಟಿಗೆ ಹೋದವು. ಪ್ರೋಗ್ರಾಂ ನಿಂತರೆ ಒಂದು ತೊಂದರೆ. ಅದನ್ನು ತಿದ್ದುವ ಸಲಕರಣೆಯೇ ಹೋದರೆ ಅದಕ್ಕಿಂತ ದೊಡ್ಡ ತೊಂದರೆ.

ಮೊದಲು ಹಾಕಿ ನೋಡಿದ್ದು ಡಾಸ್‌ಬಾಕ್ಸ್. ಉಚಿತ, ಸಣ್ಣದು. ಹಳೇ ಪ್ರೊಸೆಸರನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸುವುದರಿಂದ 16-ಬಿಟ್ ಕಂಪೈಲರ್ ತಕರಾರಿಲ್ಲದೆ ಎದ್ದಿತು. ಫೋಲ್ಡರನ್ನು ಮೌಂಟ್ ಮಾಡುವ (ಡಾಸ್‌ಬಾಕ್ಸಿಗೆ ಡ್ರೈವ್ ಆಗಿ ತೋರಿಸುವ) ಸಾಲನ್ನು ಕಾನ್ಫಿಗ್ ಫೈಲಿನ ಕೊನೆಗೆ ಸೇರಿಸಿದರೆ ಪ್ರತಿ ಸಲ ಟೈಪಿಸುವ ಕೆಲಸವಿಲ್ಲ. ಸೋರ್ಸನ್ನು, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಸಾಲುಗಳನ್ನು, ವಿಂಡೋಸ್ ಎಡಿಟರಿನಲ್ಲಿ ತಿದ್ದುವವರು ಒಂದು ವಿಷಯ ನೆನಪಿಡಬೇಕು: ಹೊರಗೆ ಉಳಿಸಿದ ಹೊಸ ಫೈಲು ಡಾಸ್‌ಬಾಕ್ಸಿಗೆ ಒಡನೆ ಕಾಣುವುದಿಲ್ಲ, ಕಂಟ್ರೋಲ್ ಮತ್ತು ಎಫ್4 ಒತ್ತಬೇಕು. ಆದರೆ ಇದನ್ನು ಮಾಡಿದ್ದು ಆಟಗಳಿಗಾಗಿ. ಮೂಲ ಆವೃತ್ತಿಯಲ್ಲಿ ಪ್ರಿಂಟರ್ ಪೋರ್ಟೇ ಇಲ್ಲ. ಬಿಲ್ಲು ಬಾರದ ಕಂಪ್ಯೂಟರ್ ಮಂಡಿಯಲ್ಲಿ ಯಾರಿಗೆ ಬೇಕು?

ವಿಡಾಸ್ ಹುಟ್ಟಿದ್ದೇ ಇಂಥ ವ್ಯವಹಾರದ ಪ್ರೋಗ್ರಾಂಗಳಿಗೆ. ವಿಂಡೋಸ್ ಫಾಂಟ್ ಬಳಸುವುದರಿಂದ ಕಿಟಕಿ ಎಷ್ಟು ದೊಡ್ಡದಾದರೂ ಅಕ್ಷರ ಒಡೆಯುವುದಿಲ್ಲ. ಹಳೇ ಪ್ರಿಂಟರ್ ಪೋರ್ಟಾದ ಎಲ್‌ಪಿಟಿ1ಕ್ಕೆ ಹೋದದ್ದನ್ನು ವಿಂಡೋಸ್ ಪ್ರಿಂಟರಿಗೆ ದಾಟಿಸುತ್ತದೆ. ಫೈಲು, ರೆಕಾರ್ಡ್ ಲಾಕಿಂಗ್ ಇರುವುದರಿಂದ ಇಬ್ಬರು ಗುಮಾಸ್ತರು ಒಂದೇ ಖಾತೆ ತೆರೆದರೂ ಲೆಕ್ಕ ಕೆಡಲಿಲ್ಲ. ಗುಮಾಸ್ತರೊಬ್ಬರು, "ಸಾರ್, ಎಫ್2 ಒತ್ತಿದ್ರೆ ಮೊದಲಿನ ಥರಾನೇ ಬಿಲ್ಲು ಬರ್ಬೇಕು, ಅಷ್ಟೇ" ಅಂದಿದ್ದರು. ಅವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಇದ್ದ ಪ್ರೋಗ್ರಾಂ ಇದ್ದ ಹಾಗೆ ಓಡಬೇಕೆಂದರೆ ನನ್ನ ಆಯ್ಕೆ ಇದೇ.

ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ 32-ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿದರೆ ಎಲ್ಲವೂ ಓಡುತ್ತದೆ, ನಿಜ. ಆದರೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇರಬೇಕು, ಲೈಸೆನ್ಸ್ ಬೇಕು, ಮೇಲಾಗಿ ಎಕ್ಸ್‌ಪಿಗೆ 2014ರಲ್ಲೇ ಭದ್ರತಾ ಅಪ್‌ಡೇಟ್ ನಿಂತಿದೆ. ಇಂಟರ್ನೆಟ್ ಕೊಡದೆ, ಹಳೇ ಕಂಪೈಲರ್ ಇಟ್ಟುಕೊಳ್ಳಲು ನನ್ನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟಿದ್ದೇನೆ.

ಈ ಮೂರೂ ಹಳೆಯದನ್ನು ಹಳೆಯದಾಗಿಯೇ ಉಳಿಸುತ್ತವೆ. ಹಾರ್ಬರ್ ಹಾಗಲ್ಲ. ನ್ಯಾನ್‌ಟಕೆಟ್ ಕಂಪನಿ 1985ರಲ್ಲಿ ತಂದ ಕ್ಲಿಪ್ಪರನ್ನು 1992ರಲ್ಲಿ ಕಂಪ್ಯೂಟರ್ ಅಸೋಸಿಯೇಟ್ಸ್ ಕೊಂಡಿತು, ಕ್ರಮೇಣ ಅದರ ಬೆಳವಣಿಗೆ ನಿಂತಿತು. ಆ ಭಾಷೆಯನ್ನು ಕೈಬಿಡದ ಪ್ರೋಗ್ರಾಮರುಗಳು ಸೇರಿ ಕಟ್ಟಿದ ಮುಕ್ತ ಕಂಪೈಲರ್ ಹಾರ್ಬರ್. ನಮ್ಮ ಸೋರ್ಸ್ ಇರುವ ಪಿಆರ್‌ಜಿ ಫೈಲುಗಳನ್ನು ಅದರ ಕಟ್ಟುವ ಸಲಕರಣೆ ಎಚ್‌ಬಿಎಂಕೆ2ಗೆ ಕೊಟ್ಟರೆ ಅಪ್ಪಟ ವಿಂಡೋಸ್ ಪ್ರೋಗ್ರಾಂ ಬರುತ್ತದೆ. ಅದೇ ಡಿಬಿಎಫ್, ಅದೇ ಎನ್‌ಟಿಎಕ್ಸ್ ಇಂಡೆಕ್ಸ್. ಡಾಸ್‌ನ 640 ಕೆಬಿ ಮೆಮೊರಿಯ ಇಕ್ಕಟ್ಟು, ಅದಕ್ಕಾಗಿ ಪ್ರೋಗ್ರಾಂ ತುಂಡುಮಾಡಿ ಸರದಿಯಲ್ಲಿ ತುಂಬುವ ಓವರ್‌ಲೇ ಪಾಡು ಎರಡೂ ಇಲ್ಲ.

ಕಷ್ಟ ಬಂದದ್ದು ಎರಡು ಕಡೆ. ಹಳೇ 16-ಬಿಟ್ ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು) ಲಿಂಕ್ ಆಗುವುದಿಲ್ಲ. ಕ್ಲಿಪ್ಪರ್ ಟೂಲ್ಸ್ ಬಳಸಿದ್ದರೆ ಹಾರ್ಬರಿನ ಎಚ್‌ಬಿಸಿಟಿ, ನ್ಯಾನ್‌ಫೋರಂ ಬಳಸಿದ್ದರೆ ಎಚ್‌ಬಿಎನ್‌ಎಫ್ ಸೇರಿಸಬೇಕು. ಸ್ವಂತ ಅಸೆಂಬ್ಲಿ ತುಂಡುಗಳಿದ್ದರೆ ಹೊಸದಾಗಿ ಬರೆಯದೆ ಗತಿಯಿಲ್ಲ. ಇನ್ನೊಂದು ಪ್ರಿಂಟಿಂಗ್. ಪ್ರೋಗ್ರಾಂ ಎಲ್‌ಪಿಟಿ1 ಹುಡುಕುತ್ತದೆ, ಡಾಟ್ ಮ್ಯಾಟ್ರಿಕ್ಸ್ ಇರುವುದು ಯುಎಸ್‌ಬಿಯಲ್ಲಿ. ಪ್ರಿಂಟರನ್ನು ಶೇರ್ ಮಾಡಿ, ನೆಟ್ ಯೂಸ್ ಆಜ್ಞೆಯಿಂದ ಆ ಶೇರನ್ನು ಎಲ್‌ಪಿಟಿ1ಕ್ಕೆ ಕಟ್ಟಿದೆ. ಅಕ್ಷರ ಕಿರಿದಾಗಿಸುವ 15ನೇ ಸಂಕೇತ, ಅದನ್ನು ಬಿಡಿಸುವ 18ನೇ ಸಂಕೇತ ಎರಡೂ ಹಾಗೇ ತಲುಪಿ, ಕಾರ್ಬನ್ ಬಿಲ್ಲಿನ ಕಾಲಂಗಳು ಸಾಲಾಗಿ ನಿಂತವು. ಲೇಸರ್ ಪ್ರಿಂಟರ್ ಕೊಳ್ಳುವ ಯೋಚನೆಯಿದ್ದವರು ಗಮನಿಸಿ: ಎಪ್ಸನ್ ರೀತಿಯ ಈ ಸಂಕೇತಗಳು ಎಲ್ಲ ಲೇಸರುಗಳಿಗೂ ಅರ್ಥವಾಗುವುದಿಲ್ಲ.

ಸೋರ್ಸ್ ಕೈಯಲ್ಲಿದ್ದರೆ ಹಾರ್ಬರ್ ಬಿಟ್ಟು ಬೇರೆ ಯೋಚಿಸಬೇಡಿ. ಸೋರ್ಸ್ ಕಳೆದುಹೋದ ಒಂದು ಮಂಡಿಯಲ್ಲಿ ಮಾತ್ರ ವಿಡಾಸ್ ಹಾಕಿಕೊಟ್ಟಿದ್ದೇನೆ. ಆದರೆ ಅವರ ಡಿಬಿಎಫ್‌ಗಳನ್ನು ಹಾರ್ಬರ್ ನೇರವಾಗಿ ಓದುವುದರಿಂದ, ನಕಲು ತೆಗೆದುಕೊಂಡು ಪರದೆಗಳನ್ನು ಒಂದೊಂದಾಗಿ ಮತ್ತೆ ಬರೆಯುತ್ತಿದ್ದೇನೆ. ರೈತರ ಮುಂಗಡದ ಖಾತೆ ಮುಗಿದಿದೆ, ಹರಾಜಿನ ದಿನಚರಿ ಬಾಕಿ ಇದೆ.